ಗೆರೆ ಅವರದು, ಬಣ್ಣ ಮಕ್ಕಳದು

ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಮಕ್ಕಳು ಆಗಾಗ ಕೇಳುತ್ತಿದ್ದರು: “ಸಾರ್, ಗೋಡೆ ಮೇಲೆ ಚಿತ್ರ ಬರೆಯೋದು ತಪ್ಪಾ?” ಆಗೆಲ್ಲ ನಾನು ಅಮೆರಿಕದ ಕಲಾವಿದ ಕೀತ್ ಹೇರಿಂಗ್ ಅವರ ಕಥೆ ಹೇಳುತ್ತಿದ್ದೆ.

ಹೇರಿಂಗ್ ಹುಟ್ಟಿದ್ದು 1958ರಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರ್ಟೂನ್ ಬರೆಯಲು ಕಲಿಸಿದ್ದು ಅಪ್ಪ. ಇಪ್ಪತ್ತನೇ ವಯಸ್ಸಿನಲ್ಲಿ ಹೇರಿಂಗ್ ಚಿತ್ರಕಲೆ ಕಲಿಯಲು ನ್ಯೂಯಾರ್ಕ್‌ಗೆ ಬಂದರು. ಅಲ್ಲಿನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಹಳೆಯ ಜಾಹೀರಾತುಗಳ ಮೇಲೆ ಕಪ್ಪು ಕಾಗದ ಅಂಟಿಸುತ್ತಿದ್ದರು. 1980ರಲ್ಲಿ ಅಂಥದೊಂದು ಕಾಗದ ಅವರ ಕಣ್ಣಿಗೆ ಕರಿಹಲಗೆಯಂತೆ ಕಂಡಿತು. ಮೇಲಿನ ಅಂಗಡಿಗೆ ಹೋಗಿ ಬಿಳಿ ಸೀಮೆಸುಣ್ಣ ತಂದು ಬರೆದೇಬಿಟ್ಟರು!

ಅಂಬೆಗಾಲಿಡುವ ಮಗು, ಬೊಗಳುವ ನಾಯಿ, ಕುಣಿಯುವ ಜನ. ಎಲ್ಲವೂ ಸರಳ ಗೆರೆಗಳು. ಕೆಲವು ದಿನ ನಲವತ್ತು ಚಿತ್ರಗಳವರೆಗೂ ಬರೆದದ್ದುಂಟು. ದುಡ್ಡಿಲ್ಲ, ಟಿಕೆಟ್ಟಿಲ್ಲ, ರೈಲಿಗೆ ಕಾಯುವವರೆಲ್ಲ ನಿಂತು ನೋಡುತ್ತಿದ್ದರು. ಆದರೆ ಅನುಮತಿ ಇರಲಿಲ್ಲ. ಪೊಲೀಸರು ಅವರನ್ನು ಹಲವು ಸಲ ಹಿಡಿದರು.

1986ರಲ್ಲಿ ಹಾರ್ಲೆಮ್‌ನ ಆಟದ ಅಂಗಳವೊಂದರ ಗೋಡೆಯ ಮೇಲೆ, ಮಾದಕ ವಸ್ತುವಿನ ವಿರುದ್ಧ ದೊಡ್ಡ ಚಿತ್ರ ಬರೆದರು. ಕೇಳದೆ ಬರೆದದ್ದಕ್ಕೆ ದಂಡ ಬಿತ್ತು. ಆಮೇಲೆ ಆ ಚಿತ್ರ ಅಳಿಸಿಹೋಯಿತು. ಆಗ ನಗರದ ಉದ್ಯಾನ ಇಲಾಖೆಯೇ ಅವರನ್ನು ಕರೆದು, ಅದೇ ಗೋಡೆಯ ಮೇಲೆ ಹೊಸದಾಗಿ ಬರೆಸಿತು.

ಈ ಕಥೆಯಿಂದ ನಾನು ಮಕ್ಕಳಿಗೆ ಹೇಳುತ್ತಿದ್ದುದು ಇಷ್ಟೇ: ಗೋಡೆ ಯಾರದೋ ಅವರನ್ನು ಕೇಳಿ, ಕೇಳಿದ ಮೇಲೆ ಭಯವಿಲ್ಲದೆ ಬರೆಯಿರಿ.

ಹೇರಿಂಗ್ ಅವರಲ್ಲಿ ನನಗೆ ಬಹಳ ಇಷ್ಟವಾದದ್ದು ಇನ್ನೊಂದು. ಅದೇ ವರ್ಷ ನ್ಯೂಯಾರ್ಕ್‌ನ ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ನೂರು ತುಂಬಿತು. ಸುಮಾರು 90 ಅಡಿ ಎತ್ತರದ ಚಿತ್ರಪಟದಲ್ಲಿ ಹೇರಿಂಗ್ ಬರೆದದ್ದು ಹೊರಗೆರೆ ಮಾತ್ರ. ಒಳಗೆಲ್ಲ ತುಂಬಿದವರು ಸುಮಾರು ಸಾವಿರ ಮಕ್ಕಳು! 1989ರಲ್ಲಿ ಷಿಕಾಗೋದಲ್ಲೂ ಹಾಗೆಯೇ. ಉದ್ದನೆಯ ಹಲಗೆಗೋಡೆಯ ಮೇಲೆ ಅವರು ಕಪ್ಪು ಗೆರೆ ಎಳೆಯುತ್ತಾ ಹೋದರು. ಸರ್ಕಾರಿ ಶಾಲೆಗಳ ಸುಮಾರು 500 ವಿದ್ಯಾರ್ಥಿಗಳು ಬಣ್ಣ ಬಳಿದರು.

ಆಗಲೇ ಅವರಿಗೆ ಏಡ್ಸ್ ಕಾಯಿಲೆ ಇತ್ತು. ಅಂದಿಗೆ ಅದಕ್ಕೆ ಸರಿಯಾದ ಔಷಧ ಇರಲಿಲ್ಲ. ಉಳಿದ ದಿನಗಳು ಕಡಿಮೆ ಎಂದು ಗೊತ್ತಿದ್ದೂ ಅವರು ಮಕ್ಕಳ ಜೊತೆ ಕುಂಚ ಹಿಡಿದರು. ಮಕ್ಕಳಿಗೆ ಮತ್ತು ಏಡ್ಸ್ ರೋಗಿಗಳಿಗೆ ನೆರವಾಗಲೆಂದು ಅದೇ ವರ್ಷ ಪ್ರತಿಷ್ಠಾನವೊಂದನ್ನು ಕಟ್ಟಿದರು. 1990ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವರ ವಯಸ್ಸು ಬರೀ 31.

ಅಜ್ಜ ಅಜ್ಜಿಯರೇ, ಈ ಭಾನುವಾರ ನೀವೂ ಒಂದು ಕೆಲಸ ಮಾಡಿ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯನ್ನು ಮೇಲೆ ಮಾಡಿ, ಒಂದಕ್ಕೊಂದು ಅಂಟಿಸಿ ಜಗುಲಿಯ ಮೇಲೆ ಹಾಸಿ. ನಿಮಗೆ ಬಂದಂತೆ ದಪ್ಪ ಗೆರೆಯಲ್ಲಿ ಒಂದು ಹಸುವನ್ನೋ ಮರವನ್ನೋ ಬರೆಯಿರಿ. ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ. ಮಕ್ಕಳೇ, ಒಳಗಿನ ಜಾಗವೆಲ್ಲ ನಿಮ್ಮದು. ಹಸುವಿಗೆ ಹಸಿರು ಬಣ್ಣ ಬಳಿದರೂ ಯಾರೂ ಬೈಯಬಾರದು!