ಹಳೆ ಪಿಕಪ್, ಹಿಂದೊಂದು ಮನೆ

ಅಮೆರಿಕದ ಅರಿಜೋನಾದಲ್ಲಿ, ಕೊಲರಾಡೊ ನದಿಯ ದಂಡೆಯ ಬುಲ್‌ಹೆಡ್ ಸಿಟಿಯಿಂದ ಗೋಲ್ಡನ್ ವ್ಯಾಲಿಯ ಕಡೆಗೆ ಹೊರಟ ರಸ್ತೆ ಸುಮಾರು 18 ಕಿಲೋಮೀಟರ್ ಏರುತ್ತಲೇ ಹೋಗುತ್ತದೆ. ಮರವಿಲ್ಲ, ನೆರಳಿಲ್ಲ. ಬೋಳು ಮರುಭೂಮಿಯಲ್ಲಿ ಸರಾಸರಿ ನೂರಕ್ಕೆ 5ರಷ್ಟು ಏರು. ಹತ್ತಿರದ ಅಣೆಕಟ್ಟಿನಿಂದಾಗಿ ಇದಕ್ಕೆ ಡೇವಿಸ್ ಡ್ಯಾಮ್ ಗ್ರೇಡ್ ಎಂಬ ಹೆಸರು ಬಂದಿದೆ. ಪಿಕಪ್ ಟ್ರಕ್ಕು ಎಷ್ಟು ಭಾರದ ಟ್ರೇಲರ್ ಎಳೆಯಬಲ್ಲದು ಎಂದು ಅಳೆಯಲು ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆ 2008ರಲ್ಲಿ ತಂದ ಜೆ2807 ಮಾನದಂಡಕ್ಕೆ ಈ ರಸ್ತೆಯೇ ಒರೆಗಲ್ಲು. ಬುಡದಲ್ಲಿ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಎಸಿ ಪೂರ್ತಿ ಓಡುತ್ತಿರಬೇಕು. ಸಾಮಾನ್ಯ ಪಿಕಪ್ಪು ಗಂಟೆಗೆ 64 ಕಿ.ಮೀ.ಗಿಂತ ಕೆಳಗಿಳಿಯದೆ ತುದಿ ಮುಟ್ಟಬೇಕು.

ಟೊಯೋಟ ಈ ಕ್ರಮವನ್ನು 2011ರ ಮಾದರಿಗಳಿಗೇ ಒಪ್ಪಿಕೊಂಡಿತು. ಅಮೆರಿಕದ ದೊಡ್ಡ ಕಂಪನಿಗಳು ತಮ್ಮ ಸಾಮಾನ್ಯ ಪಿಕಪ್‌ಗಳಿಗೆ ಅದನ್ನು ಅನ್ವಯಿಸುವ ಹೊತ್ತಿಗೆ 2015ರ ಮಾದರಿಗಳು ಬಂದಿದ್ದವು. ಅದಕ್ಕೂ ಹಿಂದೆ ಪ್ರತಿ ಕಂಪನಿಯದೂ ತನ್ನದೇ ಪರೀಕ್ಷೆ, ತನ್ನದೇ ಅಂಕಿ. ಹಾಗಾಗಿ 1997ರ ಪಿಕಪ್ಪಿನ ಕೈಪಿಡಿಯಲ್ಲಿ ಅಚ್ಚಾದ ತೂಕವನ್ನು ಇಂದಿನ ಗಾಡಿಯ ಅಂಕಿಯ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಅಂಥ ಗಾಡಿಯ ಹಿಂದೆ ಮಂಚ, ಒಲೆ, ಬಚ್ಚಲು ಇರುವ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಹೊರಡುವವರು ಅಮೆರಿಕದಲ್ಲಿ ಬೇಕಾದಷ್ಟು ಜನ. ಅವರು ಕೇಳುವ ಮೊದಲ ಪ್ರಶ್ನೆ, ಎಂಜಿನ್ನಿಗೆ ಶಕ್ತಿ ಸಾಲುತ್ತದೆಯೇ ಎಂಬುದು. ಸಾಮಾನ್ಯವಾಗಿ ಸಾಲುತ್ತದೆ. ತೊಂದರೆ ಇರುವುದು ಬೇರೆ ಕಡೆ.

ಲೆಕ್ಕ ಹಾಕೋಣ. ಗಾಡಿ 2,300 ಕೆ.ಜಿ., ಟ್ರೇಲರ್ 2,200 ಕೆ.ಜಿ. ನೂರಕ್ಕೆ 5ರ ಏರಿನಲ್ಲಿ ಗಂಟೆಗೆ 70 ಕಿ.ಮೀ. ವೇಗದಲ್ಲಿ ಈ 4,500 ಕೆ.ಜಿ.ಯನ್ನು ಎತ್ತಲು ಸುಮಾರು 43 ಕಿಲೋವ್ಯಾಟ್ ಬೇಕು. ಗಾಳಿಯ ತಡೆ ಮತ್ತು ಟೈರುಗಳ ಉರುಳು ತಡೆ ಸೇರಿದರೆ ಒಟ್ಟು 100 ಅಶ್ವಶಕ್ತಿಯ ಆಸುಪಾಸು. ತೊಂಬತ್ತರ ದಶಕದ ಸಾಧಾರಣ ವಿ8 ಎಂಜಿನ್ನೂ ಇದರ ಎರಡರಷ್ಟು ಕೊಡುತ್ತಿತ್ತು. ಸಪಾಟು ಹೆದ್ದಾರಿಯಲ್ಲಿ ಗಂಟೆಗೆ 105 ಕಿ.ಮೀ. ಓಡಿಸಿದರೂ ಹೆಚ್ಚುಕಡಿಮೆ ಇಷ್ಟೇ ಶಕ್ತಿ ಖರ್ಚಾಗುತ್ತದೆ. ಟ್ರೇಲರಿನ ಚಪ್ಪಟೆ ಎದೆಗೆ ಬಡಿಯುವ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದಲ್ಲ! ಆತುರವೂ ಒಂದು ಘಾಟಿಯೇ.

ಈ ಶಕ್ತಿ ಹಾದುಹೋಗುವ ದಾರಿಯಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂತಿದೆ. ಅದರ ಟಾರ್ಕ್ ಕನ್ವರ್ಟರಿನಲ್ಲಿ ಒಂದು ಚಕ್ರ ಇನ್ನೊಂದನ್ನು ಆಯಿಲ್ ಮೂಲಕ ತಳ್ಳುತ್ತದೆ. ಎರಡರ ವೇಗಕ್ಕೆ ವ್ಯತ್ಯಾಸ ಇರುವಷ್ಟು ಹೊತ್ತೂ ಆಯಿಲ್ ಕಡೆದು ಕಾಯುತ್ತದೆ. ಹಳೆಯ ನಾಲ್ಕು ಗೇರಿನ ಪೆಟ್ಟಿಗೆಗಳು ಭಾರ ಬಿದ್ದಾಗ ನಾಲ್ಕನೇ ಗೇರಾದ ಓವರ್‌ಡ್ರೈವಿಗೂ ಮೂರನೇ ಗೇರಿಗೂ ನಡುವೆ ಹೊಯ್ದಾಡುತ್ತವೆ, ಆ ಎರಡು ಚಕ್ರಗಳನ್ನು ಜೋಡಿಸಿಡುವ ಕನ್ವರ್ಟರಿನ ಬೀಗ ಪದೇಪದೇ ಬಿಡುತ್ತದೆ. 80 ಡಿಗ್ರಿಯ ಮೇಲೆ ಪ್ರತಿ 11 ಡಿಗ್ರಿಗೆ ಆಯಿಲ್ಲಿನ ಆಯುಷ್ಯ ಅರ್ಧವಾಗುತ್ತದೆಂಬುದು ಮೆಕ್ಯಾನಿಕ್‌ಗಳ ಸ್ಥೂಲ ಲೆಕ್ಕ. ಓವರ್‌ಡ್ರೈವ್ ರದ್ದು ಮಾಡುವ ಗುಂಡಿ ಒತ್ತಿ, ರೇಡಿಯೇಟರಿನ ಮುಂದೆ ಒಂದು ಆಯಿಲ್ ಕೂಲರ್ ಕೂರಿಸಿದರೆ ದೊಡ್ಡ ಪಾಲು ಸಮಸ್ಯೆ ಮುಗಿಯಿತು.

ಏರುವಾಗ ಭಾರ ಎತ್ತಲು ಎಂಜಿನ್ ಕೊಟ್ಟದ್ದನ್ನೆಲ್ಲ ಇಳಿಯುವಾಗ ಕಳೆಯಬೇಕು. 900 ಮೀಟರ್ ಎತ್ತರದಿಂದ 4,500 ಕೆ.ಜಿ. ಇಳಿದರೆ ಸುಮಾರು 40 ಮೆಗಾಜೂಲ್, ಅಂದರೆ 11 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ. ಗಾಳಿ ಒಂದಿಷ್ಟು ನುಂಗುತ್ತದೆ. ಕೆಳಗಿನ ಗೇರಿಗೆ ಹಾಕಿದರೆ ಎಂಜಿನ್ನೂ ತಡೆಯುತ್ತದೆ. ಉಳಿದದ್ದು ಬ್ರೇಕಿನ ಕಬ್ಬಿಣಕ್ಕೆ. ಹಳೆ ಗಾಡಿಯ ಬ್ರೇಕ್ ಆಯಿಲ್ಲಿನ ಮೋಸ ಕಣ್ಣಿಗೆ ಕಾಣುವುದಿಲ್ಲ. ಅದು ವರ್ಷಗಟ್ಟಲೆ ಗಾಳಿಯ ತೇವ ಹೀರುತ್ತಿರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಯಲ್ಲಿ. ನೀರು ಕುಡಿದ ಮೇಲೆ ಆ ಮಿತಿ 140. ಕುದಿದಾಗ ಪೈಪಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಆವಿ ಒತ್ತಿದಷ್ಟೂ ಕುಗ್ಗುತ್ತದಾದ್ದರಿಂದ ಪೆಡಲ್ ತಳ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಟ್ರೇಲರಿಗೆ ತನ್ನದೇ ವಿದ್ಯುತ್ ಬ್ರೇಕು ಇರಬೇಕೆನ್ನುವುದು ಇದಕ್ಕೇ.

ಇಷ್ಟಾದರೂ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಓಲಾಟ. ಪಕ್ಕದಲ್ಲಿ ಲಾರಿ ಹಾದಾಗ ಟ್ರೇಲರಿನ ಬಾಲ ಎಡಕ್ಕೆ, ಬಲಕ್ಕೆ ತೂಗುತ್ತದೆ. ಸಾಮಾನ್ಯವಾಗಿ ಎರಡು ತೂಗಿಗೆ ಅಡಗುತ್ತದೆ. ಅಡಗಿಸುವುದು ಟೈರುಗಳು: ಟ್ರೇಲರ್ ಅಡ್ಡಕ್ಕೆ ಸರಿದಾಗ ಟೈರು ರಸ್ತೆಯ ಮೇಲೆ ಓರೆಯಾಗಿ ಉರುಳಿ ತಡೆಯೊಡ್ಡುತ್ತದೆ. ಆ ಓರೆಯ ಕೋನ ಅಡ್ಡ ವೇಗಕ್ಕೂ ಮುನ್ನುಗ್ಗುವ ವೇಗಕ್ಕೂ ಇರುವ ಅನುಪಾತ. ಮುನ್ನುಗ್ಗುವ ವೇಗ ಹೆಚ್ಚಿದಂತೆ ಕೋನ ಕಿರಿದಾಗುತ್ತದೆ, ತಡೆಯೂ ಸೊರಗುತ್ತದೆ. ಒಂದು ವೇಗ ದಾಟಿದ ಮೇಲೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದು. ಆಗ ಚಾಲಕ ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋದರೆ ಅವನ ಕೈ ಅರ್ಧ ತೂಗು ತಡವಾಗಿ ಬರುತ್ತದೆ, ಓಲಾಟಕ್ಕೆ ಇನ್ನಷ್ಟು ತಳ್ಳು ಸಿಗುತ್ತದೆ. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಒತ್ತುವುದೇ ಸರಿಯಾದ ಉಪಾಯ. ಅಮೆರಿಕದ ಹಗುರ ವಾಹನಗಳಿಗೆ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ಕಡ್ಡಾಯವಾದದ್ದು 2012ರ ಮಾದರಿಗಳಿಂದ. ತೊಂಬತ್ತರ ದಶಕದ ಪಿಕಪ್ಪಿನಲ್ಲಿ ಚಾಲಕನೇ ಎಲ್ಲ.

ಅಪಾಯದ ವೇಗವನ್ನು ನಿರ್ಧರಿಸುವುದರಲ್ಲಿ ಭಾರ ಎಲ್ಲಿದೆ ಎಂಬುದರ ಪಾತ್ರ ದೊಡ್ಡದು. ಎತ್ತಿನ ಗಾಡಿ ಹೂಡಿದವರಿಗೆ ಇದು ಹೊಸತಲ್ಲ: ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ಕೆಲವು ಟ್ರೇಲರುಗಳಲ್ಲಿ ನೀರಿನ ಟ್ಯಾಂಕು ಅಚ್ಚಿನ ಹಿಂದಿರುತ್ತದೆ. 150 ಲೀಟರ್ ತುಂಬಿಸಿದರೆ ಕೊಂಡಿಯ ಭಾರ ತಾನಾಗಿ ಇಳಿಯುತ್ತದೆ, ಜೊತೆಗೆ ಅಪಾಯದ ವೇಗವೂ. ಹಿಂದಿನ ಬಂಪರಿಗೆ ಸೈಕಲ್ಲುಗಳನ್ನು ತೂಗುಹಾಕಿದರೂ ಅಷ್ಟೆ.

ಮುಂಭಾರಕ್ಕೂ ಬೆಲೆ ತೆರಬೇಕು. 2,200 ಕೆ.ಜಿ. ಟ್ರೇಲರಿನ ಕೊಂಡಿಯ ಮೇಲೆ 260 ಕೆ.ಜಿ. ಕೂರುತ್ತದೆ, ಅದರ ಜೊತೆಗೆ ನಾಲ್ಕು ಜನ, ಸಾಮಾನು. ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿ ಬರೆದ ಗಾಡಿಯ ಒಟ್ಟು ತೂಕದ ಮಿತಿ ಅಲ್ಲಿಗೇ ತುಂಬಿಬಿಡಬಹುದು, ಎಳೆಯುವ ಮಿತಿ ಇನ್ನೂ ದೂರವಿದ್ದರೂ. ಸಾಲದ್ದಕ್ಕೆ ಕೊಂಡಿ ಹಿಂದಿನ ಅಚ್ಚಿಗಿಂತ 1.2 ಮೀಟರ್ ಆಚೆಗಿದೆ. ಅಚ್ಚುಗಳ ನಡುವಿನ ಅಂತರ 3.5 ಮೀಟರ್ ಎಂದುಕೊಂಡರೆ, ಸನ್ನೆಗೋಲಿನ ನಿಯಮದಂತೆ ಮುಂದಿನ ಗಾಲಿಗಳು 90 ಕೆ.ಜಿ.ಯಷ್ಟು ಹಗುರಾಗುತ್ತವೆ. ತಿರುಗಿಸುವುದೂ ಹೆಚ್ಚಿನ ಪಾಲು ನಿಲ್ಲಿಸುವುದೂ ಆ ಗಾಲಿಗಳೇ. ಕೊಂಡಿಗೆ ಎರಡು ಸ್ಪ್ರಿಂಗ್ ಸರಳು ಸೇರಿಸಿ ಬಿಗಿದರೆ ಅವು ಆ ಭಾರದ ಒಂದು ಪಾಲನ್ನು ಮುಂದಿನ ಅಚ್ಚಿಗೆ ಮರಳಿಸುತ್ತವೆ.

ಎಷ್ಟು ಮರಳಿತು ಎಂದು ತಿಳಿಯಲು ಹೆದ್ದಾರಿಯ ಲಾರಿ ತಂಗುದಾಣಗಳ ತೂಕದ ಕಟ್ಟೆಗೆ ಹೋಗುತ್ತಾರೆ. ಅಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚು ಬೇರೆ ಬೇರೆ ಹಾಸಿನ ಮೇಲೆ ನಿಲ್ಲುತ್ತವೆ. ಸರಳು ಬಿಗಿದು ಒಮ್ಮೆ, ಬಿಚ್ಚಿ ಒಮ್ಮೆ, ಟ್ರೇಲರ್ ಬಿಟ್ಟು ಮತ್ತೊಮ್ಮೆ ತೂಗಿಸಿದರೆ ಮೂರು ಚೀಟಿಗಳನ್ನು ಕಳೆದು ಕೂಡಿದಾಗ ಕೊಂಡಿಯ ಭಾರವೂ ಸಿಗುತ್ತದೆ. ಅದು ನೂರಕ್ಕೆ 10ಕ್ಕಿಂತ ಕಡಿಮೆ ಬಂದರೆ ಹಿಂದಿನ ಟ್ಯಾಂಕಿನ ನೀರು ಚೆಲ್ಲಿ, ಸೈಕಲ್ಲುಗಳನ್ನು ಪಿಕಪ್ಪಿನೊಳಕ್ಕೆ ಹಾಕಿ, ಮತ್ತೆ ಕಟ್ಟೆ ಹತ್ತಿಸುವುದು.