ಕೈಕೇಯಿಯ ತವರು, ಅಣಜಿಯ ಕಲ್ಲು

ದಾವಣಗೆರೆಯಲ್ಲಿ ಕೌಸಲ್ಯ ಎಂಬ ಹೆಸರಿನವರು ಓಣಿಗೊಬ್ಬರು ಸಿಕ್ಕಾರು. ಸುಮಿತ್ರಮ್ಮಂದಿರಿಗೂ ಬರವಿಲ್ಲ. ಆದರೆ ಮಗಳಿಗೆ ಕೈಕೇಯಿ ಎಂದು ಹೆಸರಿಟ್ಟವರನ್ನು ನಾನಂತೂ ಕಂಡಿಲ್ಲ. ನೋಡಿದರೆ ಅದು ಅವಳ ಸ್ವಂತ ಹೆಸರೂ ಅಲ್ಲ. ಗಾಂಧಾರದವಳು ಗಾಂಧಾರಿಯಾದ ಹಾಗೆ ಕೇಕಯದವಳು ಕೈಕೇಯಿ. ಮಗಳಿಂದಾಗಿ ಹೆಸರು ಕೆಡಿಸಿಕೊಂಡ ಆ ತವರುಮನೆಯ ಕುಲದವನೊಬ್ಬ, ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆ, ನಮ್ಮ ದಾವಣಗೆರೆ ತಾಲ್ಲೂಕಿನ ಅಣಜಿಯ ಶಾಸನವೊಂದರಲ್ಲಿ ದರ್ಭೆ ಹಾಸಿಕೊಂಡು ಮಲಗಿದ್ದಾನೆ.

ಅವನ ಹೆಸರು ಶಿವನಂದವರ್ಮ. ಅತ್ರಿಗೋತ್ರದವನು, ಸೋಮವಂಶದವನು, ಶಿವಭಕ್ತ, ತಂದೆತಾಯಿಯರ ಪಾದಸೇವಕ, ಕೇಕಯ ಕುಲದವನು. ಇಷ್ಟೂ ಬಿರುದಿನ ಹಾಗೆ ಬರುತ್ತದೆ. ಆಮೇಲಿನದು ಬಿರುದಲ್ಲ. ನಣಕ್ಕಾಸ ಪಲ್ಲವರಾಜನಿಗೂ ಕೃಷ್ಣರಾಜನಿಗೂ ಘೋರ ಕಾಳಗವಾಯಿತು, ಕೃಷ್ಣರಾಜನ ಸೈನ್ಯ ಮುರಿಯಿತು, ಶಿವನಂದನ ನಾಡು ಹಾಳಾಯಿತು. ಅವನು ಮನಸ್ಸಿನ ಆಸೆಗಳನ್ನೆಲ್ಲ ತಣಿಸಿ, ದರ್ಭೆಯ ಮೇಲೆ ಮಲಗಿ, ಸ್ವರ್ಗವನ್ನು ಬಯಸಿದ. ಸಂಸ್ಕೃತದಲ್ಲಿರುವ ಈ ಪುಟ್ಟ ಶಾಸನವನ್ನು ಶಾಸನತಜ್ಞ ಬಿ.ಎಲ್. ರೈಸ್ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಚಿತ್ರದುರ್ಗ ಜಿಲ್ಲೆಯ ಶಾಸನ ಸಂಪುಟದಲ್ಲಿ ಅಚ್ಚು ಹಾಕಿಸಿದರು. ದಾವಣಗೆರೆ ತಾಲ್ಲೂಕಿನ ಶಾಸನಗಳಲ್ಲಿ ಅದರ ಸಂಖ್ಯೆ 161. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ನಾವೆಲ್ಲ ಚಿತ್ರದುರ್ಗದವರೇ.

ಗೆದ್ದವರ ಶಾಸನಗಳನ್ನು ಓದಿ ಓದಿ ಸಾಕಾದವರಿಗೆ ಅಣಜಿಯ ಕಲ್ಲು ಬೇರೆಯೇ ಅನ್ನಿಸುತ್ತದೆ. ಹಗೆಗಳ ತಲೆ ಚೆಂಡಾಡಿದ ಮಾತಿಲ್ಲ, ಊರು ದತ್ತಿ ಬಿಟ್ಟ ಲೆಕ್ಕ ಮುಖ್ಯವಲ್ಲ. ಸೋಲನ್ನು ಕಲ್ಲಿಗೆ ಹೇಳಿಕೊಂಡಿದ್ದಾರೆ.

ಈ ಕೇಕಯರು ಯಾರು? ಮೂಲ ಕೇಕಯ ನಾಡು ಇಲ್ಲಿಂದ ಬಹು ದೂರ, ಪಂಜಾಬಿನಲ್ಲಿ, ಬಿಯಾಸ್ ದಾಟಿ ಗಾಂಧಾರದ ಕಡೆಗೆ. ರಾಮಾಯಣ ಅದರ ರಾಜಧಾನಿಯನ್ನು ರಾಜಗೃಹ, ಗಿರಿವ್ರಜ ಎನ್ನುತ್ತದೆ. ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ಅದನ್ನು ಇಂದು ಪಾಕಿಸ್ತಾನದಲ್ಲಿರುವ ಜೀಲಂ ದಂಡೆಯ ಜಲಾಲ್‌ಪುರದ ಬಳಿ ಗುರುತಿಸಿದ. ದಶರಥ ತೀರಿಕೊಂಡಾಗ ಸೋದರಮಾವ ಯುಧಾಜಿತನ ಮನೆಯಲ್ಲಿದ್ದ ಭರತ ಅಯೋಧ್ಯೆ ಮುಟ್ಟಲು ಏಳು ರಾತ್ರಿ ಹಿಡಿಯಿತು. ರಾಮಾಯಣಕ್ಕೆ ಆಚೆಗೂ ಕೇಕಯಕ್ಕೆ ಹೆಸರಿತ್ತು. ಛಾಂದೋಗ್ಯ ಉಪನಿಷತ್ತಿನಲ್ಲಿ ಐವರು ದೊಡ್ಡ ಗೃಹಸ್ಥರು ಉದ್ದಾಲಕನನ್ನು ಕಟ್ಟಿಕೊಂಡು ಕೇಕಯದ ಅಶ್ವಪತಿಯ ಬಳಿಗೆ ಪಾಠ ಕೇಳಲು ಹೋಗುತ್ತಾರೆ. ನನ್ನ ನಾಡಲ್ಲಿ ಕಳ್ಳನಿಲ್ಲ, ಜಿಪುಣನಿಲ್ಲ, ಕುಡುಕನಿಲ್ಲ ಎಂದು ಆ ದೊರೆ ಹೇಳಿಕೊಳ್ಳುತ್ತಾನೆ. ವಿದ್ವಾಂಸರು ಅರಸನ ಮುಂದೆ ಶಿಷ್ಯರಾಗಿ ನಿಂತ ಅಪರೂಪದ ಸಂದರ್ಭವದು.

ಜೀಲಂ ಎಲ್ಲಿ, ಅಣಜಿ ಎಲ್ಲಿ. ಒಂದು ಕುಲ ನಿಜಕ್ಕೂ ಅಷ್ಟು ದೂರ ನಡೆದು ಬಂತೋ, ಹೆಸರು ಮಾತ್ರ ಬಂತೋ? ಇಂಥ ಪ್ರಶ್ನೆ ನಮ್ಮದಷ್ಟೇ ಅಲ್ಲ. ಹೆಚ್ಚುಕಡಿಮೆ ಶಿವನಂದನ ಕಾಲಕ್ಕೇ ಯುರೋಪಿನಲ್ಲಿ ಹೆರೂಲಿಯರೆಂಬ ಜರ್ಮಾನಿಕ್ ಜನರಿದ್ದರು. ಮೂರನೆಯ ಶತಮಾನದಲ್ಲಿ ಕಪ್ಪು ಸಮುದ್ರದ ಕಡೆಯಿಂದ ಹೊರಟು, 267ರಲ್ಲಿ ಅಥೆನ್ಸನ್ನೇ ಸೂರೆ ಮಾಡಿದವರು. ಮುಂದೆ ಡ್ಯಾನ್ಯೂಬ್ ನದಿಯ ಬಳಿ ರಾಜ್ಯ ಕಟ್ಟಿದರು. 508ರ ಸುಮಾರಿಗೆ ಲೊಂಬಾರ್ಡರ ಕೈಯಲ್ಲಿ ಸೋತು ಚೆದುರಿದರು. ಒಂದು ಗುಂಪು ಅರಸು ರಕ್ತದವರನ್ನು ಮುಂದಿಟ್ಟುಕೊಂಡು ಡೇನರ ನಾಡು ದಾಟಿ, ತೂಲೆ ಎಂಬ ಉತ್ತರ ದೇಶಕ್ಕೆ, ಅಂದರೆ ಸ್ಕ್ಯಾಂಡಿನೇವಿಯಕ್ಕೆ ಹೋಯಿತೆಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆಯುತ್ತಾನೆ. ದಕ್ಷಿಣದಲ್ಲೇ ಉಳಿದವರ ಕಥೆ ಇನ್ನೂ ಸ್ವಾರಸ್ಯ. ಅವರು ತಮ್ಮ ದೊರೆಯನ್ನು ತಾವೇ ಕೊಂದರು. ಆಮೇಲೆ ದೊರೆ ಬೇಕೆನಿಸಿತು. ಅರಸು ಬೀಜ ತರಲು ತೂಲೆಗೆ ಆಳು ಕಳಿಸಿದರು. ಅವರು ಬರುವುದು ತಡವಾಯಿತೆಂದು ಚಕ್ರವರ್ತಿ ಜಸ್ಟಿನಿಯನ್ ಕೊಟ್ಟವನನ್ನೇ ಒಪ್ಪಿಕೊಂಡರು. ಉತ್ತರದವನು ಹತ್ತಿರ ಬಂದ ಸುದ್ದಿ ಸಿಕ್ಕಿದ್ದೇ ತಡ, ರಾತ್ರೋರಾತ್ರಿ ಎಲ್ಲರೂ ಎದ್ದು ಅವನ ಕಡೆ ಸೇರಿದರು!

ಹೆರೂಲಿಯರಿಗೆ ಉತ್ತರ ಅಂದರೆ ಹಾದಿ ಗೊತ್ತಿದ್ದ ಊರು. ನಮ್ಮ ಕೇಕಯರು ಪಂಜಾಬಿಗೆ ಆಳು ಕಳಿಸಿದ ಕುರುಹಿಲ್ಲ. ಉತ್ತರದ ದೊಡ್ಡ ಮನೆತನಕ್ಕೆ ಬೇರು ಕಟ್ಟಿಕೊಳ್ಳುವುದು ದಕ್ಷಿಣದ ಅರಸರಲ್ಲಿ ರೂಢಿಯಾಗಿತ್ತು. ತಲಕಾಡಿನ ಗಂಗರು ಇಕ್ಷ್ವಾಕುಗಳಾದರು, ಹೊಯ್ಸಳರು ಯಾದವರಾದರು. ಕೇಕಯರದೂ ಅದೇ ಇರಬೇಕೆಂದು ನನಗೂ ಅನ್ನಿಸುತ್ತದೆ. ಆದರೆ ಸುಮ್ಮನೆ ಒಂದು ವಂಶ ಆರಿಸಿಕೊಳ್ಳುವವನು ರಾಮನ ಮನೆ ಬಿಟ್ಟು ಕೈಕೇಯಿಯ ಮನೆಗೆ ಯಾಕೆ ಹೋದಾನು ಎಂಬ ಒಂದು ಎಳೆ ಬಿಡಿಸಲಾಗದೆ ಉಳಿಯುತ್ತದೆ. ಇಕ್ಷ್ವಾಕುಗಳಿಗೆ ಹೆಣ್ಣು ಕೊಟ್ಟ ಮನೆ ಎಂಬ ಹಮ್ಮು ಇದ್ದಿರಲೂಬಹುದು.

ಹೆಣ್ಣು ಕೊಡುವುದನ್ನು ಅವರು ಇಲ್ಲಿಯೂ ಬಿಡಲಿಲ್ಲ. ಕದಂಬ ಮೃಗೇಶವರ್ಮನ ರಾಣಿ, ರವಿವರ್ಮನ ತಾಯಿ ಪ್ರಭಾವತಿ ಕೈಕೇಯ ಕುಲದವಳೆಂದು ತಾಳಗುಂದದ ಶಾಸನವೊಂದು ಹೇಳುತ್ತದೆ. ಅಣಜಿಯ ಕಾಳಗದಲ್ಲಿ ಸೋತ ಕೃಷ್ಣರಾಜ, ಕದಂಬ ಕಾಕುಸ್ಥವರ್ಮನ ಮಗ ಒಂದನೆಯ ಕೃಷ್ಣವರ್ಮನೆಂದೇ ಹೆಚ್ಚಿನವರ ಅಭಿಪ್ರಾಯ. ಅವನೂ ಕೇಕಯರ ಅಳಿಯ: ಅವನ ಮಗ ವಿಷ್ಣುವರ್ಮ ಕೈಕೇಯ ಕನ್ಯೆಯ ಹೊಟ್ಟೆಯಲ್ಲಿ ಹುಟ್ಟಿದವನೆಂದು ತಾಮ್ರಪಟವೊಂದರಲ್ಲಿದೆ. ಹಾಗಾದರೆ ಕೃಷ್ಣವರ್ಮನ ಸೋಲಿಗೆ ಶಿವನಂದ ಯಾಕೆ ಅಷ್ಟು ನೊಂದ ಎಂದು ಬೇರೆ ಕೇಳಬೇಕಿಲ್ಲ. ಬೀಗರ ಮನೆ ಮುರಿದಿತ್ತು.

ಆದರೆ ಹಲ್ಮಿಡಿಯ ಶಾಸನ ಈ ಬೀಗತನಕ್ಕೆ ಅಡ್ಡ ಬರುತ್ತದೆ. ಬೇಲೂರು ತಾಲ್ಲೂಕಿನ ಆ ಕಲ್ಲನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು, ನಾವೆಲ್ಲ ಶಾಲೆಯಲ್ಲಿ ಕನ್ನಡದ ಮೊದಲ ಶಾಸನ ಎಂದು ಬಾಯಿಪಾಠ ಮಾಡಿದೆವು. ಅದರೊಳಗೆ ಏನಿದೆ ಎಂದು ಯಾರೂ ನಮಗೆ ಹೇಳಲಿಲ್ಲ. ಕದಂಬರ ಪರವಾಗಿ ಕಾದಾಡಿದ ವಿಜ ಅರಸನೆಂಬವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಚ್ಚಾಗಿ, ಅಂದರೆ ವೀರನಿಗೆ ಸಲ್ಲುವ ಕೊಡುಗೆಯಾಗಿ, ಕೊಟ್ಟರು. ಅವನು ಗೆದ್ದದ್ದು ಯಾರನ್ನು? ಕೇಕಯ ಪಲ್ಲವರನ್ನು. ಕನ್ನಡ ಕಲ್ಲಿನ ಮೇಲೆ ಮೊದಮೊದಲು ಬರೆದದ್ದರಲ್ಲೇ ಕೇಕಯರ ಹೆಸರು ಸೇರಿಹೋಗಿದೆ, ಅದೂ ಸೋತವರ ಸಾಲಿನಲ್ಲಿ. ಒಮ್ಮೆ ಹಗೆ, ಒಮ್ಮೆ ಬೀಗರು. ದೊಡ್ಡ ರಾಜ್ಯಗಳ ನಡುವೆ ಸಿಕ್ಕ ಸಣ್ಣ ಮನೆತನಕ್ಕೆ ಬೇರೆ ಬದುಕು ಎಲ್ಲಿತ್ತು.

ಕಾಳಗದ ಮುಂದಿನ ಕಥೆ ಹೆಬ್ಬಟದ ತಾಮ್ರಶಾಸನದಲ್ಲಿದೆ. ಕೃಷ್ಣವರ್ಮನ ಮಗ ವಿಷ್ಣುವರ್ಮನಿಗೆ ಪಟ್ಟ ಕಟ್ಟಿದವನು ಪಲ್ಲವ ಶಾಂತಿವರ. ಅಪ್ಪನ ದಂಡು ಮುರಿದ ಮನೆತನದವರೇ ಮಗನ ತಲೆಗೆ ಅಭಿಷೇಕದ ನೀರು ಎರೆದರು. ಅಯೋಧ್ಯೆಯಲ್ಲಿ ಕೈಕೇಯಿಯ ಮಗ ಬಂದ ಪಟ್ಟವನ್ನು ಪಾದುಕೆಗೆ ಒಪ್ಪಿಸಿದ. ಇಲ್ಲಿಯ ಕೈಕೇಯಿಯ ಮಗ ಕೊಟ್ಟವರ ಕೈ ನೋಡದೆ ಕಿರೀಟ ಇಟ್ಟುಕೊಂಡ. ತಾಯಿ ಆಗ ಬದುಕಿದ್ದಳೋ, ಶಿವನಂದ ಅವಳಿಗೆ ಅಣ್ಣನೋ ತಮ್ಮನೋ, ಕಥೆ ಬರೆಯುವವರು ಬೇಕಾದರೆ ಕಟ್ಟಿಕೊಳ್ಳಲಿ. ಶಾಸನದ ಕವಿಗಳಿಗೆ ಅವಳ ಹೆಸರೂ ಬೇಕಿರಲಿಲ್ಲ. ಕೈಕೇಯ ಕನ್ಯೆ, ಅಷ್ಟೇ.

ಆಮೇಲೆ ಹೊನ್ನಾವರದ ತಾಮ್ರಪಟವೊಂದರಲ್ಲಿ ಚಿತ್ರಸೇನನೆಂಬ ಕೈಕೇಯ ಕಾಣಿಸುತ್ತಾನೆ, ಘಟ್ಟದ ಕೆಳಗೆ, ಕಡಲ ಬದಿಯಲ್ಲಿ. ಅಣಜಿಯ ಬಯಲಲ್ಲಿ, ಇಂದು ಮೆಕ್ಕೆಜೋಳ ಬೆಳೆಯುವ ಈ ಸೀಮೆಯಲ್ಲಿ, ಅವರ ಸದ್ದಿಲ್ಲ.

ಅಣಜಿಯಿಂದ ಹರಿಹರ ದೂರವೇನಲ್ಲ. ಹರಿಹರ ಎಂದರೆ ಎಲ್ಲರಿಗೂ 1224ರಲ್ಲಿ ಪೊಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರನ ಗುಡಿ ನೆನಪಾಗುತ್ತದೆ. ನನಗೆ ನೆನಪಾಗುವುದು ಅದಕ್ಕಿಂತ ಐನೂರು ವರ್ಷ ಹಳೆಯದಾದ ಹರಿಹರದ ತಾಮ್ರಪಟ, ಶಕ 616ರದು, ಅಂದರೆ ಕ್ರಿ.ಶ. 694. ಬಾದಾಮಿಯ ಚಾಲುಕ್ಯ ವಿನಯಾದಿತ್ಯ ಅದರಲ್ಲಿ ತನಗೆ ಊಳಿಗ ಮಾಡುವ ಅರಸು ಕುಲಗಳನ್ನೆಲ್ಲ ಒಂದೇ ಉಸಿರಿನಲ್ಲಿ ಎಣಿಸುತ್ತಾನೆ. ಆಳುಪರು, ಗಂಗರು ಹಿಂದಿನಿಂದ ಬಂದ ನಂಟಿನವರು. ಅವರ ಸರಿಸಮಕ್ಕೆ ತಂದು ನಿಲ್ಲಿಸಿದವರು ಕಳಭ್ರರು, ಕೇರಳರು, ಹೈಹಯರು, ವಿಲರು, ಮಾಳವರು, ಚೋಳರು, ಪಾಂಡ್ಯರು. ಇವರೆಲ್ಲರಿಗಿಂತ ಮೊದಲ ಹೆಸರು ಪಲ್ಲವರದು. ಕೇಕಯರು ಆ ಪಟ್ಟಿಯಲ್ಲಿಲ್ಲ.