ಒಂದೇ ಬರಹ, ನೂರಾರು ರೂಪ

ಜಾಲಪುಟಗಳನ್ನು ಅಂದವಾಗಿಯೂ ಸುಲಭಗ್ರಾಹ್ಯವಾಗಿಯೂ ರಚಿಸುವ ವಿದ್ಯೆಯು ಗ್ರಂಥಾವಲೋಕನದಿಂದ ಲಭಿಸುವುದಕ್ಕಿಂತ ಹೆಚ್ಚಾಗಿ ಸಮಾನಾಸಕ್ತರು ಒಬ್ಬರ ಕೃತಿಯನ್ನೊಬ್ಬರು ಬಿಚ್ಚಿ ನೋಡಿ ಪರೀಕ್ಷಿಸುವುದರಿಂದ ಲಭಿಸತಕ್ಕದ್ದೆಂಬುದಕ್ಕೆ, 2003ರ ಮೇ ತಿಂಗಳಲ್ಲಿ ಕೆನಡಾದ ವಿನ್ಯಾಸಕಾರ ಡೇವ್ ಶೇ ಅವರು ಆರಂಭಿಸಿದ ‘ಸಿಎಸ್‌ಎಸ್ ಝೆನ್ ಗಾರ್ಡನ್’ ಎಂಬ ಪ್ರಯೋಗಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ.

ಅದರ ಮಹತ್ತ್ವವನ್ನು ಅರಿಯಬೇಕಾದರೆ ಹಿಂದಿನ ಸ್ಥಿತಿಯನ್ನು ತುಸು ನೆನೆಯಬೇಕು. ಜಾಲಪುಟಕ್ಕೆ ಎರಡು ಅಂಗಗಳುಂಟು: ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ ಎಂದು ಬರಹದ ಭಾಗಗಳನ್ನು ಗುರುತಿಸಿಡುವ ಎಚ್‌ಟಿಎಂಎಲ್ ಒಂದು; ಆ ಭಾಗಗಳು ಯಾವ ಬಣ್ಣದಲ್ಲಿ, ಯಾವ ಗಾತ್ರದಲ್ಲಿ, ಎಲ್ಲಿ ನಿಲ್ಲಬೇಕೆಂದು ವಿಧಿಸುವ ಸಿಎಸ್‌ಎಸ್ ಮತ್ತೊಂದು. ಎರಡನೆಯದನ್ನು ಹೋಕನ್ ವಿಯುಮ್ ಲೀ ಅವರು 1994ರಲ್ಲಿಯೇ ಸೂಚಿಸಿದ್ದರೂ, 1996ರ ಡಿಸೆಂಬರಿನಲ್ಲಿ ಅದಕ್ಕೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ ಮನ್ನಣೆ ದೊರೆತಿದ್ದರೂ, ಒಂದೊಂದು ಬ್ರೌಸರೂ ಅದನ್ನು ತನಗೆ ತೋರಿದಂತೆ ಅರ್ಥೈಸುತ್ತಿದ್ದುದರಿಂದ, ವಿನ್ಯಾಸಕಾರರು ಅಂಕಿ ಅಂಶಗಳಿಗೆಂದು ಇದ್ದ ಕೋಷ್ಟಕಗಳ ಗೆರೆಗಳನ್ನು ಮರೆಮಾಡಿ, ಅವುಗಳ ಮನೆಗಳೊಳಗೆ ಚಿತ್ರದ ಚೂರುಗಳನ್ನು ಜೋಡಿಸಿ, ಅಂತರ ಬೇಕಾದೆಡೆ ಕಣ್ಣಿಗೆ ಕಾಣದ ಒಂದು ಪಿಕ್ಸೆಲಿನ ಚಿತ್ರವನ್ನು ಹಿಗ್ಗಿಸಿ ತುಂಬಿ, ಹೇಗೋ ಪುಟವನ್ನು ನಿಲ್ಲಿಸುತ್ತಿದ್ದರು. ಸಿಎಸ್‌ಎಸ್‌ನಿಂದ ನೀರಸವಾದ ಚೌಕಗಳಲ್ಲದೆ ಬೇರೇನೂ ಹುಟ್ಟದೆಂಬ ಭಾವನೆ ಕಲಾವಿದರಲ್ಲಿ ಬಲವಾಗಿ ಬೇರೂರಿತ್ತು.

ಶೇ ಅವರು ವಾದಕ್ಕಿಳಿಯದೆ ಒಂದು ಎಚ್‌ಟಿಎಂಎಲ್ ಪುಟವನ್ನು ಬರೆದಿಟ್ಟು, ಇದರ ಒಂದಕ್ಷರವನ್ನೂ ಬದಲಿಸದೆ ಸಿಎಸ್‌ಎಸ್ ಮತ್ತು ಚಿತ್ರಗಳ ಬಲದಿಂದಲೇ ನಿಮಗೆ ಒಪ್ಪುವ ರೂಪವನ್ನು ಕೊಡಿರೆಂದು ಎಲ್ಲರನ್ನೂ ಆಹ್ವಾನಿಸಿದರು. ಒಂದೇ ದಾಸರ ಪದವನ್ನು ಹಲವು ಗಾಯಕರು ಹಲವು ರಾಗಗಳಲ್ಲಿ ಹಾಡಿದಂತೆ ಆಯಿತು. ಆಯ್ದು ಪ್ರಕಟಿಸಿದ ರೂಪಗಳೇ ಕ್ರಮೇಣ ಇನ್ನೂರನ್ನು ಮೀರಿದವು. ಬರಹವು ಒಂದೇ ಆದುದರಿಂದ, ಒಂದು ಪುಟವು ಓದಲು ಹಿತವಾಗಿಯೂ ಮತ್ತೊಂದು ಪ್ರಯಾಸಕರವಾಗಿಯೂ ತೋರಿದರೆ ಅದರ ಕಾರಣವನ್ನು ಸಾಲಿನ ಉದ್ದದಲ್ಲೋ, ಅಂಚಿನ ಖಾಲಿ ಜಾಗದಲ್ಲೋ, ಬಣ್ಣಗಳ ಅಂತರದಲ್ಲೋ ಹುಡುಕಬೇಕೇ ಹೊರತು ವಿಷಯದಲ್ಲಿ ಅಲ್ಲ. ಮಿಗಿಲಾಗಿ, ಪ್ರತಿಯೊಂದು ರೂಪದ ಸಿಎಸ್‌ಎಸ್ ಕಡತವೂ ಎಲ್ಲರಿಗೂ ತೆರೆದೇ ಇತ್ತು. ಯಾವ ನಿಯಮದಿಂದ ಯಾವ ಪರಿಣಾಮವುಂಟಾಯಿತೆಂಬುದನ್ನು ಕಲಿಯುವವನು ಸಾಲು ಸಾಲಾಗಿ ನೋಡಬಹುದಾಗಿತ್ತು.

ಕೂಡಿ ಕಲಿತುದರ ಫಲವು ಗುಣಗಳಿಗಿಂತ ದೋಷಗಳಲ್ಲಿ ಸ್ಫುಟವಾಗಿ ಕಂಡಿತು. ಆಗ ಬೇಕಾದ ಫಾಂಟುಗಳನ್ನು ಪುಟದೊಡನೆ ಕಳುಹಿಸುವ ಅನುಕೂಲವಿರದಿದ್ದುದರಿಂದ, ಶೀರ್ಷಿಕೆಯ ಅಕ್ಷರಗಳನ್ನು ಸಿಎಸ್‌ಎಸ್‌ನಿಂದ ಮರೆಮಾಡಿ, ಅಲ್ಲಿ ಸುಂದರಾಕ್ಷರಗಳ ಚಿತ್ರವನ್ನಿಡುವ ಉಪಾಯವೊಂದು ರೂಢಿಗೆ ಬಂದಿತ್ತು. ಝೆನ್ ಗಾರ್ಡನ್‌ನ ರೂಪಗಳೂ ಅದನ್ನು ಬಳಸಿದವು. ಆದರೆ ಅಂಧರಿಗಾಗಿ ಪುಟವನ್ನು ಓದಿ ಹೇಳುವ ತಂತ್ರಾಂಶಗಳು ಮರೆಮಾಡಿದ ಅಕ್ಷರಗಳನ್ನೂ ಬಿಟ್ಟುಬಿಡುತ್ತವೆಂಬುದನ್ನು ಜೋ ಕ್ಲಾರ್ಕ್ ಅವರು 2003ರ ಅಕ್ಟೋಬರಿನಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಕಣ್ಣಿದ್ದವರಿಗೆ ಶೋಭಾಯಮಾನವಾಗಿದ್ದ ಶೀರ್ಷಿಕೆಯು ಕಣ್ಣಿಲ್ಲದವರ ಪಾಲಿಗೆ ಇಲ್ಲವೇ ಇಲ್ಲ! ಅನಂತರ ಒಬ್ಬರು ಅಕ್ಷರಗಳನ್ನು ತೆರೆಯ ಎಡಕ್ಕೆ ದೂರ ಸರಿಸಿದರು. ಚಿತ್ರ ಬಾರದಿದ್ದಲ್ಲಿ ಅಕ್ಷರವೂ ಕಾಣದೆಂದು ಮತ್ತೊಬ್ಬರು ಅದರ ಕೊರತೆಯನ್ನು ತೋರಿಸಿದರು. ಶೇ ಅವರು ಈ ಉಪಾಯಗಳನ್ನೆಲ್ಲ ಗುಣದೋಷಸಹಿತವಾಗಿ ಒಂದೆಡೆ ಸಂಗ್ರಹಿಸಿಟ್ಟರು. ಏಕಾಂತದಲ್ಲಿ ಕುಳಿತು ವಿನ್ಯಾಸ ಮಾಡುವವನು ತನ್ನ ಕಣ್ಣಿನಿಂದಲೇ ಎಲ್ಲವನ್ನೂ ಅಳೆಯುತ್ತಾನೆ; ಆದುದರಿಂದ ಈ ಬಗೆಯ ದೋಷವು ಅವನಿಗೆ ಎಂದಿಗೂ ಗೋಚರವಾಗದು.

ಕನ್ನಡಿಗರಿಗೆ ಇಂಥ ಸಹಾಭ್ಯಾಸದ ಅಗತ್ಯವು ಇನ್ನೂ ಹೆಚ್ಚು. ರೋಮನ್ ಲಿಪಿಗೆ ಹೊಂದಿಸಿದ ಸಾಲುಗಳ ಅಂತರದಲ್ಲಿ ‘ರಾಷ್ಟ್ರ’ ಎಂಬ ಪದವನ್ನಿಟ್ಟು ನೋಡಿದರೆ, ಅದರ ಒತ್ತಕ್ಷರಗಳು ಕೆಳಸಾಲಿನ ಗುಡಿಸುಗಳಿಗೆ ತಾಗುವಷ್ಟು ಇಳಿಯುವುದು ಕಾಣುತ್ತದೆ. ಇಂಗ್ಲಿಷ್ ಪುಸ್ತಕಗಳು ಈ ತೊಡಕನ್ನು ನಮಗಾಗಿ ಬಿಡಿಸಿಕೊಡಲಾರವು. ಝೆನ್ ಗಾರ್ಡನ್‌ನ ಮೂಲ ಪುಟವು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಂದಿಗೂ ಲಭ್ಯವಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಅದೇ ಮಾದರಿಯಲ್ಲಿ ಕನ್ನಡದ ಒಂದು ಪುಟವನ್ನು ಸಿದ್ಧಪಡಿಸಿ, ತಲೆಗೊಂದು ರೂಪವನ್ನು ರಚಿಸಿ, ದೃಷ್ಟಿಮಾಂದ್ಯವುಳ್ಳ ಹಿರಿಯರೊಬ್ಬರಿಂದಲೂ ಅಗ್ಗದ ಮೊಬೈಲಿನಲ್ಲಿ ಓದುವ ಗೆಳೆಯನೊಬ್ಬನಿಂದಲೂ ಅವುಗಳನ್ನು ಪರೀಕ್ಷೆ ಮಾಡಿಸಲೆಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.